ನಗರದ ರಾಕೆಟ್ ರಾಶಿ: ಹಾವಸೆ ಸಾಯುತ್ತಿದ್ದದ್ದು ಯಾಕೆ

ಕಾರಣ ಕೊನೆಗೂ ಸಿಕ್ಕಿತು. ಸತು.

ಟಿಪ್ಪು ಕಾಲದ ಯುದ್ಧ ರಾಕೆಟ್‌ಗಳ ಮಾದರಿಯಲ್ಲಿ ತಗಡಿನ ಕೊಳವೆ ಸುತ್ತಿ, ಜಂಬಿಟ್ಟಿಗೆ ಕಲ್ಲಿನ ಮೇಲೆ ರಾಶಿ ಹಾಕುವ ಕಲಾಕೃತಿ ನಮ್ಮದು. ಮೂರು ವಾರದಿಂದ ಆ ಕೊಳವೆಗಳ ಕೆಳಗಿನ ಹಾವಸೆ ಕಂದಿ ಉದುರುತ್ತಿತ್ತು. ಕಲ್ಲು ಅದೇ, ಮಳೆ ಅದೇ, ನೆರಳೂ ಅದೇ. ಗೇಣು ದೂರದಲ್ಲಿ ಅದೇ ಹಾವಸೆ ಹಸಿರಾಗಿ ಉಬ್ಬಿ ನಿಂತಿದೆ.

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ 2018ರಲ್ಲಿ ಹಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಎದ್ದುಬಂದವಲ್ಲ, ನಮ್ಮ ಕೊಳವೆಗಳದ್ದೂ ಅದೇ ಅಳತೆ: 23ರಿಂದ 26 ಸೆಂ.ಮೀ. ಜಂಬಿಟ್ಟಿಗೆಯ ಕೆಂಪೂ ಕಬ್ಬಿಣದ್ದೇ. ಆಯುಧ ಯಾವುದು, ಕಲ್ಲು ಯಾವುದು ಎಂದು ಕಣ್ಣಿಗೆ ತಿಳಿಯದಷ್ಟು ಒಂದೇ ಬಣ್ಣಕ್ಕೆ ಬರಬೇಕು, ಎರಡರ ಮೇಲೂ ಹಾವಸೆ ಹತ್ತಬೇಕು. ಈ ಕೆಲಸದ ಜೀವ ಇರುವುದೇ ಅಲ್ಲಿ.

ಅಂಗಡಿಯ ಬಿಲ್ಲಿನಲ್ಲಿ ಎಂಎಸ್ ತಗಡು, ಅಂದರೆ ಲೇಪವಿಲ್ಲದ ಬರೀ ಉಕ್ಕು, ಎಂದಿದೆ, ಕೊಟ್ಟದ್ದು ಸತು ಲೇಪದ್ದು. ಹೂವು ಹೂವಿನ ಗುರುತಿರುವ ಜಿಐ (ದಪ್ಪ ಸತು ಲೇಪದ ತಗಡು) ಆಗಿದ್ದರೆ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಇದು ತೆಳು ಲೇಪದ ಮಾಸಲು ಬೂದು. ಮಳೆಗಿಟ್ಟಾಗ ಕೆಂಪು ತುಕ್ಕಿಗೆ ಮೊದಲು ಬಿಳಿ ಪುಡಿ ಬಂದಿತ್ತು, ಆಗಲೇ ಹಿಡಿಯಬೇಕಿತ್ತು.

ಪರೀಕ್ಷೆಗೆ ತೋಟದ ಮನೆಯಲ್ಲಿರುವ ಮೈಲುತುತ್ತ (ತಾಮ್ರದ ಸಲ್ಫೇಟ್) ಸಾಕು. ಚಿಟಿಕೆ ಕರಗಿಸಿ, ತಗಡಿನ ಚೂರಿನ ಮೇಲೆ ಒಂದು ಹನಿ. ಬರೀ ಕಬ್ಬಿಣವಾದರೆ ತಾಮ್ರದ ಕೆಂಪು ಕೂರುತ್ತದೆ, ಸತುವಿದ್ದರೆ ಕಪ್ಪಾಗುತ್ತದೆ. ಆ ಚೂರನ್ನು ರಾಶಿಗೆ ಸೇರಿಸಬೇಡಿ, ತಾಮ್ರವೂ ಹಾವಸೆಗೆ ವಿಷ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯುವ ಅಡಿಕೆ ಮರದ ಬುಡದಲ್ಲೂ ರಾಶಿಯನ್ನು ಇಡುವ ಹಾಗಿಲ್ಲ.

ಕೊಳವೆಗಳನ್ನು ಒಂದು ದಿನ ವಿನೆಗರ್‌ನಲ್ಲಿ ಮುಳುಗಿಸಿ, ಗುಳ್ಳೆ ನಿಂತ ಮೇಲೆ ತೊಳೆದು ಮತ್ತೆ ಇಟ್ಟದ್ದಾಯಿತು. ಹಾವಸೆ ಹಿಡಿಯಿತು, ಬೆರಳಗಲದ ಒಂದು ಪಟ್ಟಿ ಬಿಟ್ಟು. ಪಟ್ಟಿ ಬಿದ್ದದ್ದು ಸರಿಯಾಗಿ ಮಡಿಕೆಯ ಕೆಳಗೆ! ತಗಡಿನ ಎರಡು ಅಂಚು ಕಚ್ಚಿಸಿದ ಮಡಿಕೆಯೊಳಕ್ಕೆ ವಿನೆಗರ್ ಇಳಿದಿಲ್ಲ, ಅಲ್ಲಿ ಉಳಿದ ಸತು ಮಳೆ ಬಂದಾಗಲೆಲ್ಲ ಸೋರಿದೆ. ಕಾಯಿಸಿ ತೆಗೆಯುವ ಯೋಚನೆ ಬೇಡವೇ ಬೇಡ, ಸತುವಿನ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ. ಈಗ ಎಲ್ಲ ಮಡಿಕೆ ಬಿಚ್ಚಿ, ತಗಡು ಚಪ್ಪಟೆ ಮಾಡಿ, ಎರಡೂ ಮುಖ ನೆನೆಸಿ, ಅಂಚಿನ ಚೂರು ಮೈಲುತುತ್ತದ ಹನಿಗೆ ಕೆಂಪಾದ ಮೇಲೆಯೇ ಸುತ್ತುವುದು. ತುಕ್ಕು ಬೇಗ ಬರಲೆಂದು ಉಪ್ಪು ಸವರಬಾರದು, ಅದೂ ಹಾವಸೆಯನ್ನು ಸುಡುತ್ತದೆ. ಆಗುಂಬೆ ಕಡೆಯ ಮಳೆ ಇರುವಾಗ ಉಪ್ಪು ಯಾಕೆ?

ಮುಂದಿನ ಕೆಲಸ ಶಬ್ದದ ಕನ್ನಡಿ: ಸದ್ದನ್ನು ಒಂದೆಡೆ ಕೂಡಿಸುವ, ಬೋಗುಣಿಯಂತೆ ಒಳಬಾಗಿದ ಗೋಡೆ. ಬರುವ ವಿಮಾನದ ಸದ್ದು ಹಿಡಿಯಲು ಇಂಗ್ಲೆಂಡಿನ ಡೆಂಜ್‌ನಲ್ಲಿ 1928ರಿಂದ 1930ರೊಳಗೆ ಕಾಂಕ್ರೀಟಿನಲ್ಲಿ ಕಟ್ಟಿದ್ದರು, ರಾಡಾರ್ ಬಂದ ಮೇಲೆ ಮೂಲೆಗೆ ಬಿದ್ದವು. ಅಲ್ಲಿನ 30 ಅಡಿಯದನ್ನು ಕೆಮ್ಮಣ್ಣಿನಲ್ಲಿ 3 ಅಡಿಗೆ ಇಳಿಸಿ ಗದ್ದೆಯ ಕಡೆಗೆ ಮುಖ ಮಾಡಿ ನಿಲ್ಲಿಸುವುದು. ಎಂಜಿನ್ನಿನ ದಪ್ಪ ಗುಂಯ್‌ಗೆ ಆ ಅಗಲ ಸಾಲದು, ಕಪ್ಪೆಯ ಸಣ್ಣ ದನಿಗೆ ಧಾರಾಳ. ಅಚ್ಚಿಗೆ ಹಳೆಯ ಡಿಶ್ ಆಂಟೆನಾ ಆಗದು: ಡಿಶ್ ಪ್ಯಾರಾಬೋಲ, ಡೆಂಜ್‌ನದು ಗೋಳದ ತುಣುಕು.