ಪ್ರಾರ್ಥನೆ ಇದ್ದ ಮೇಲೆ ಮಾತ್ರೆ ಯಾಕೆ?

ಪ್ರಾರ್ಥನಾ ಕೂಟ ಮುಗಿದ ಮೇಲೆ ಯಾರಾದರೂ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. "ಯೇಸುಸ್ವಾಮಿಯನ್ನು ನಂಬಿದವರಿಗೆ ಡಿಪ್ರೆಶನ್ ಬರುತ್ತಾ? ಪ್ರಾರ್ಥನೆ ಇದ್ದ ಮೇಲೆ ಮಾತ್ರೆ ಯಾಕೆ?" ಹೀಗೆ ಕೇಳುವವರ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರು ನರಳುತ್ತಿರುತ್ತಾರೆ.

ಬರುತ್ತೆ. ಪ್ರಾರ್ಥನೆಯೂ ಬೇಕು, ಮಾತ್ರೆಯೂ ಬೇಕಾಗಬಹುದು. ಇದು ಇವತ್ತಿನ ಡಾಕ್ಟರುಗಳಿಗೆ ಹೆದರಿ ಹೇಳುವ ಮಾತಲ್ಲ. ಪ್ರಾರ್ಥನೆಯಲ್ಲಿ ನಮಗಿಂತ ಎಷ್ಟೋ ಆಳಕ್ಕೆ ಇಳಿದವರು ಹೇಳಿರುವುದೂ ಇದನ್ನೇ.

ಸ್ಪೇನ್ ದೇಶದ ಆವಿಲಾದ ಸಂತ ತೆರೇಸಾ 1577ರಲ್ಲಿ ಬರೆದ ಪುಸ್ತಕದಲ್ಲಿ ಒಬ್ಬರ ಕಥೆ ಇದೆ. ಅವರು ಎಂಟು ಗಂಟೆ ಹೊತ್ತು ಮಂಕು ಕವಿದಂತೆ ಇದ್ದುಬಿಡುತ್ತಿದ್ದರು. ಅದನ್ನು ದೇವರ ಅನುಭವ ಅಂತ ಅವರೂ ನಂಬಿದ್ದರು, ಪಾಪನಿವೇದನೆ ಕೇಳುವ ಗುರುಗಳೂ ನಂಬಿದ್ದರು. ತೆರೇಸಾ ಒಪ್ಪಲಿಲ್ಲ. ಚೆನ್ನಾಗಿ ನಿದ್ದೆ, ಹೊಟ್ಟೆ ತುಂಬ ಊಟ, ಉಪವಾಸ ವ್ರತ ಕಡಿಮೆ. ಇಷ್ಟರಲ್ಲೇ ಅದು ಬಿಟ್ಟುಹೋಯಿತು. ಮನಸ್ಸು ಕುಗ್ಗಿದ ಸನ್ಯಾಸಿನಿಯರ ವಿಚಾರದಲ್ಲೂ ಅವರು ಅದನ್ನು ಗಂಭೀರ ಕಾಯಿಲೆ ಎಂದೇ ಕರೆದರು, ಔಷಧ ಬೇಕಾಗಬಹುದು ಎಂದರು. ಅಂಥವರನ್ನು ಬಿಗಿಯಾಗಿ, ಹೆದರಿಸಿ ಇಡಬೇಕು ಎಂಬ ಅವರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಅವರ ಜೊತೆಗಾರ ಶಿಲುಬೆಯ ಸಂತ ಯೊವಾನ್ನ. ಸ್ವಂತ ಸಭೆಯ ಸನ್ಯಾಸಿಗಳೇ ಅವರನ್ನು 1577ರ ಡಿಸೆಂಬರಿನಲ್ಲಿ ಹಿಡಿದು ಟೊಲೆಡೊದ ಇಕ್ಕಟ್ಟಾದ ಕೋಣೆಯಲ್ಲಿ ಕೂಡಿಹಾಕಿದರು. ಮರುವರ್ಷ ಆಗಸ್ಟ್‌ನಲ್ಲಿ ಅವರು ಅಲ್ಲಿಂದ ತಪ್ಪಿಸಿಕೊಂಡರು. 'ಆತ್ಮದ ಕತ್ತಲ ರಾತ್ರಿ', ಅಂದರೆ ಪ್ರಾರ್ಥನೆ ಒಣಗಿ ದೇವರೇ ದೂರವಾದಂತೆ ಅನ್ನಿಸುವ ಕಾಲ, ಎಂಬ ಮಾತು ಬಂದಿದ್ದು ಅವರಿಂದಲೇ. ಈಗ ಯಾವ ದುಃಖಕ್ಕೂ ಸುಮ್ನೆ ಆ ಹೆಸರು ಇಟ್ಟುಬಿಡುತ್ತೇವೆ. ಅವರು ಹಾಗೆ ಇಡಲಿಲ್ಲ. ಮೂರು ಗುರುತು ಕೊಟ್ಟರು. ದೇವರ ವಿಷಯದಲ್ಲೂ ಲೋಕದ ವಿಷಯದಲ್ಲೂ ರುಚಿ ಇಲ್ಲದಿರುವುದು ಮೊದಲನೆಯದು. ಆದರೆ ಇದೊಂದೇ ಇದ್ದರೆ ಅದು ಮನಸ್ಸಿನ ಕಾಯಿಲೆಯೂ ಇರಬಹುದು ಎಂದು ಅವರೇ ಎಚ್ಚರಿಸಿದ್ದಾರೆ. ದೇವರಿಂದ ದೂರವಾಗುತ್ತಿದ್ದೇನೋ ಎಂಬ ಕಳವಳ ಒಳಗೆ ಕಾಡುತ್ತಿರಬೇಕು, ಮೊದಲಿನ ಹಾಗೆ ಧ್ಯಾನಕ್ಕೆ ಕೂರಲು ಆಗದಿರಬೇಕು. ಕತ್ತಲ ರಾತ್ರಿ, ಮನಸ್ಸಿನ ಕಾಯಿಲೆ ಎರಡೂ ಬೆರೆತೂ ಬರಬಹುದು ಎನ್ನುತ್ತಾರೆ. ಆ ಕಾಲದಲ್ಲೇ ಇಷ್ಟು ಬಿಡಿಸಿ ನೋಡಿದ್ದಾರೆ, ಅಲ್ವಾ?

ಪ್ರವಾದಿ ಎಲೀಯ ಸಾವು ಬೇಡಿ ಮಲಗಿದಾಗ ದೂತ ಬಂದು ಉಪದೇಶ ಮಾಡಲಿಲ್ಲ. ರೊಟ್ಟಿ, ನೀರು ಕೊಟ್ಟು ಮತ್ತೆ ಮಲಗಲು ಬಿಟ್ಟ. 88ನೇ ಕೀರ್ತನೆಯಂತೂ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತುತಿಯೂ ಇಲ್ಲ. ಅದನ್ನು ನಮ್ಮ ಕೂಟಗಳಲ್ಲಿ ಗಟ್ಟಿಯಾಗಿ ಓದಬೇಕು ಅಂತ ನನಗೆ ತುಂಬಾ ಆಸೆ.

ಈಗ ರಿಟ್ರೀಟ್‌ಗಳಲ್ಲಿ, ಅಂದರೆ ಕೆಲಸ ಬದಿಗಿಟ್ಟು ಪ್ರಾರ್ಥನೆಗೆಂದೇ ಸೇರುವ ಶಿಬಿರಗಳಲ್ಲಿ, ಮನಸ್ಸಿನ ಒಳಗಾಯ ವಾಸಿಯಾಗಲು ಪ್ರಾರ್ಥನೆ ನಡೆಯುತ್ತದೆ. ಹಳೆಯ ನೋವನ್ನು ಯೇಸುವಿನ ಮುಂದೆ ಇಡುತ್ತಾರೆ, ಅಳುತ್ತಾರೆ, ತಲೆ ಮೇಲೆ ಕೈಯಿಟ್ಟು ಯಾರೋ ಬೇಡಿಕೊಳ್ಳುತ್ತಾರೆ. ವರ್ಷಗಟ್ಟಲೆ ಬಾಯಿಬಿಡದ ಹೆಂಗಸರು ಅಲ್ಲಿ ಮಾತಾಡಿದ್ದನ್ನು ಕಂಡಿದ್ದೇನೆ. ಅದು ದೇವರ ಕೆಲಸ ಅಂತಲೇ ನಂಬುತ್ತೇನೆ. ಆದರೆ ಸಾಕ್ಷಿ ಹೇಳುವ ಹೊತ್ತಿಗೆ "ಪೂರ್ತಿ ವಾಸಿಯಾಯಿತು" ಅನ್ನಲೇಬೇಕು ಎಂಬ ಒತ್ತಾಯ ಬರುತ್ತದೆ. ಮಾತ್ರೆ ಬಿಟ್ಟರೆ ಅದೇ ನಂಬಿಕೆ ಅನ್ನಿಸಿಬಿಡುತ್ತದೆ. ಡಿಪ್ರೆಶನ್ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ನಿದ್ದೆಗೇಡು ಬರಬಹುದು, ಕಾಯಿಲೆ ಮರಳಬಹುದು. ಮತ್ತೆ ಕುಸಿದವರು "ನನ್ನ ನಂಬಿಕೆ ಸಾಲದಾಯಿತು" ಅಂದುಕೊಳ್ಳುತ್ತಾರೆ. ಅದು ನನಗೆ ತೀರಾ ನೋವು ಕೊಡುತ್ತದೆ.

ಬೆಂಗಳೂರಿನ ಸೇಂಟ್ ಜಾನ್ಸ್, ಮಂಗಳೂರಿನ ಫಾದರ್ ಮುಲ್ಲರ್ ಆಸ್ಪತ್ರೆಗಳಲ್ಲಿ ಮನೋರೋಗ ವಿಭಾಗಗಳಿವೆ. ಅವನ್ನು ನಡೆಸುತ್ತಿರುವುದೂ ನಮ್ಮ ಕ್ರೈಸ್ತ ಸಭೆಯೇ. ನಿಮ್ಮವರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ಡಾಕ್ಟರ್ ಕೋಣೆಯ ಹೊರಗೆ ಕೂತು ಜಪಸರ ಹಿಡಿದು ಪ್ರಾರ್ಥಿಸಿ. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಬ್ಬರೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡದಲ್ಲೇ ಮಾತಾಡಬಹುದು.