ಪರ್ಮ್‌ಕ್ಯಾತ್ ಬಲಗಡೆ, ಸೋಂಕು ಎಡಗಡೆ

"ಹಾರ್ಟ್ ಸ್ಕ್ಯಾನ್ ನಾರ್ಮಲ್ ಅಂದಿದ್ರಲ್ಲ ಸರ್?" ಪೇಷಂಟ್ ಹೆಂಡತಿ ಐಸಿಯು ಬಾಗಿಲಲ್ಲಿ ಹೀಗೆ ಕೇಳಿದಾಗ ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಆಕೆ ಕೈಯಲ್ಲಿ ಹಿಡಿದಿದ್ದ ರಿಪೋರ್ಟಿನ ಕೆಳಗೆ ನನ್ನದೇ ಸಹಿ.

ಡಯಾಲಿಸಿಸ್ ಪೇಷಂಟ್. ಕುತ್ತಿಗೆಯಲ್ಲಿ ಹಳೇ ಪರ್ಮ್‌ಕ್ಯಾತ್ (ಡಯಾಲಿಸಿಸ್‌ಗೆ ರಕ್ತನಾಳದೊಳಗೆ ಇಟ್ಟ ಕೊಳವೆ), ಚಳಿಜ್ವರ, ವೆಂಟಿಲೇಟರ್, ಬಿಪಿ ಹಿಡಿದಿಡೋಕೆ ಏರುತ್ತಲೇ ಇದ್ದ ನಾರ್‌ಅಡ್ರಿನಲಿನ್. ಕಲ್ಚರ್‌ನ ಎಲ್ಲ ಬಾಟಲಿಯಲ್ಲೂ ಸ್ಟ್ಯಾಫ್ ಆರಿಯಸ್ ಬ್ಯಾಕ್ಟೀರಿಯಾ. "ಲೈನ್ ಸೆಪ್ಸಿಸ್ ಸರ್, ಎಕೋ ಒಂದು ಆಗಿಬಿಡ್ಲಿ" ಅಂದ ರೆಸಿಡೆಂಟ್. ಅಂದರೆ ಕೊಳವೆಯಿಂದ ರಕ್ತಕ್ಕೆ ಹರಡಿದ ಸೋಂಕು, ಹೃದಯದ ಅಲ್ಟ್ರಾಸೌಂಡ್ ಆಗಲಿ ಅಂತ. ಎಕೋ ಕಾಲ್ ಅವತ್ತು ರಾತ್ರಿ ನನ್ನದು.

ನಮ್ಮ ಪೋರ್ಟಬಲ್ ಮಷೀನಿನ ಒಂದು ಚಕ್ರ ತಿರುಗಲ್ಲ, ಬ್ಯಾಟರಿ ನಿಲ್ಲಲ್ಲ. ಬಯೋಮೆಡಿಕಲ್‌ನವರಿಗೆ ಎಲ್ಲಾ ಗೊತ್ತು. ಪೀಪ್ (ವೆಂಟಿಲೇಟರ್ ಶ್ವಾಸಕೋಶವನ್ನು ಉಬ್ಬಿಸಿಡೋ ಒತ್ತಡ) 10, ಎಡಮಗ್ಗುಲು ಹೊರಳಿಸುವ ಹಾಗಿಲ್ಲ, ಏಪೆಕ್ಸ್ (ಹೃದಯದ ತುದಿ) ಇರೋ ಜಾಗದಲ್ಲೇ ಇಸಿಜಿ ಸ್ಟಿಕ್ಕರ್. ಎದೆಮೂಳೆ ಪಕ್ಕದ ಪ್ಯಾರಾಸ್ಟರ್ನಲ್‌ನಲ್ಲಿ ಬರೀ ಶ್ವಾಸಕೋಶ. ಕೊನೆಗೆ ಪಕ್ಕೆಲುಬಿನ ಕೆಳಗಿನ ಸಬ್‌ಕಾಸ್ಟಲ್‌ನಲ್ಲಿ ಒಂದಿಷ್ಟು ಕಂಡಿತು. ಕ್ಯಾತಿಟರ್ ತುದಿ, ಬಲ ಏಟ್ರಿಯಂ (ಹೃದಯದ ಮೇಲ್ಕೋಣೆ), ಬಲಗಡೆಯ ವಾಲ್ವ್ ಟ್ರೈಕಸ್ಪಿಡ್: ಜೂಮ್ ಮಾಡಿ, ಸೆಕ್ಟರ್ ಕಿರಿದು ಮಾಡಿ ಮತ್ತೆ ಮತ್ತೆ ನೋಡಿದೆ. ಕ್ಲೀನ್. ಎಡಗಡೆಯ ವಾಲ್ವ್ ಮೈಟ್ರಲ್‌ನ ಹಿಂಭಾಗದ ಆನ್ಯುಲಸ್‌ನಲ್ಲಿ (ವಾಲ್ವಿನ ಬುಡದ ಉಂಗುರ) ಬಿಳೀ ಮುದ್ದೆಯೊಂದು ಕಂಡಿತು. ವರ್ಷಗಟ್ಟಲೆ ಡಯಾಲಿಸಿಸ್ ಆದವರಲ್ಲಿ ಕ್ಯಾಲ್ಸಿಯಂ ಇರೋದೇ. ಅಷ್ಟಂದುಕೊಂಡು ಪ್ರೋಬ್ ಒರೆಸಿದೆ.

ನಮ್ಮ ರಿಪೋರ್ಟ್ ಟೆಂಪ್ಲೇಟ್ ತಾನಾಗೇ "ವೆಜಿಟೇಶನ್ ಇಲ್ಲ" ಅಂತ ತುಂಬಿಕೊಳ್ಳುತ್ತೆ. ವೆಜಿಟೇಶನ್ ಅಂದರೆ ವಾಲ್ವಿಗೆ ಅಂಟಿದ ಸೋಂಕಿನ ಗೊಂಚಲು. "ವಿಂಡೋ ತೀರಾ ಕಳಪೆ" , ಅಂದರೆ ಹೃದಯ ಸರಿಯಾಗಿ ಕಾಣ್ತಿಲ್ಲ, ಅಂತ ಕಾಮೆಂಟ್ ಬಾಕ್ಸಿನಲ್ಲಿ ನಾನು ಬರೆದಿದ್ದೆ. ಅದು ಪ್ರಿಂಟ್ ಆಗೋದು ಎರಡನೇ ಹಾಳೆಯಲ್ಲಿ. ಎರಡನೇ ಹಾಳೆಯನ್ನು ಯಾರು ನೋಡ್ತಾರೆ?

ಪರ್ಮ್‌ಕ್ಯಾತ್ ತೆಗೆದ ಮೇಲೆ ಜ್ವರ ಇಳಿಯಿತು, ನಾರ್‌ಅಡ್ ಅರ್ಧಕ್ಕೆ ಬಂತು. ಇನ್ಫೆಕ್ಷನ್ ಡಾಕ್ಟರ್ ಮಾತ್ರ ರೌಂಡ್ಸಿನಲ್ಲಿ ಟಿಇಇ, ಟಿಇಇ (ಅನ್ನನಾಳದೊಳಗಿಂದ ಮಾಡೋ ಎಕೋ) ಅಂತ ಬಿಡಲೇ ಇಲ್ಲ. ನಾನು "ಪ್ಲೇಟ್‌ಲೆಟ್ 48 ಸಾವಿರ, ರಕ್ತ ಬಂದೀತು, ಸೋರ್ಸ್ ಹೇಗೂ ಹೊರಗೆ ಬಂತಲ್ಲ, ತಡೀರಿ" ಅಂದೆ. ಇರೋ ಒಂದೇ ಟಿಇಇ ಪ್ರೋಬನ್ನು ಕ್ಯಾತ್‌ಲ್ಯಾಬಿನಿಂದ ಬೇಡಿ ತರಬೇಕು ಅನ್ನೋ ಬೇಸರವೂ ಆ ಮಾತಿನೊಳಗೆ ಇತ್ತು.

ಸೆಡೇಶನ್ ನಿಲ್ಲಿಸಿದ ಬೆಳಗ್ಗೆ ಸಿಸ್ಟರ್ ಫೋನ್ ಮಾಡಿದರು: "ಸರ್, ಬಲಗೈ ಟ್ಯೂಬಿಗೇ ಹೋಗ್ತಿದೆ, ಎಡಗೈ ಅಲುಗ್ತಾನೇ ಇಲ್ಲ." ಸಿಟಿಯಲ್ಲಿ ಬಲ ಎಂಸಿಎ ಇನ್‌ಫಾರ್ಕ್ಟ್: ಮೆದುಳಿನ ಬಲಗಡೆಯ ರಕ್ತನಾಳ ಕಟ್ಟಿ ಆದ ಸ್ಟ್ರೋಕ್. ಆಮೇಲೆ ಪ್ರೋಬ್ ಹತ್ತೇ ನಿಮಿಷದಲ್ಲಿ ಬಂತು. ಬೇಕಾದಾಗ ಬರುತ್ತೆ ಅಂತಾಯ್ತು.

ರೈಲ್ಸ್ ಟ್ಯೂಬ್ ತೆಗೆದು, ಬೈಟ್ ಬ್ಲಾಕ್ ಇಟ್ಟು, ಲ್ಯಾರಿಂಗೋಸ್ಕೋಪ್ ಹಿಡಿದು ಪ್ರೋಬ್ ಇಳಿಸೋ ಹೊತ್ತಿಗೆ ಮ್ಯಾಪ್ (ಸರಾಸರಿ ಬಿಪಿ) ಬರೀ 52. ಅನಸ್ತೇಶಿಯಾದವರು "ಬೇಗ ಮುಗಿಸಿ" ಅಂತಾರೆ, ಸಿಸ್ಟರ್ ಪಂಪ್ ಏರಿಸ್ತಿದ್ದಾರೆ, ಪರದೆ ಮೇಲೆ ಬರೀ ಮಸುಕು. ಜೆಲ್ ಸಾಲದೋ, ಗಾಳಿಯೋ ಗೊತ್ತಾಗ್ತಿಲ್ಲ. ಒಂದಿಷ್ಟು ಹಿಂದಕ್ಕೆಳೆದು 60 ಡಿಗ್ರಿಗೆ ತಿರುಗಿಸಿದಾಗ ಮೈಟ್ರಲ್ ಬಿಡಿಸಿಕೊಂಡಿತು. ಕ್ಯಾಲ್ಸಿಯಂ ಅಲ್ಲೇ ಕೂತಿತ್ತು. ಅದರ ನೆತ್ತಿಗೆ ಅಂಟಿಕೊಂಡ 14 ಮಿಲಿಮೀಟರಿನ ಮೆತ್ತನೆ ಗೊಂಚಲು ಹೃದಯ ಹಿಂಡಿಕೊಳ್ಳುವ ಪ್ರತಿ ಸಿಸ್ಟೋಲಿಗೂ ಎಡ ಏಟ್ರಿಯಂ ಒಳಗೆ ಬಾಲ ಬಡೀತಾ ಇತ್ತು. ಮೆದುಳಿಗೆ ಹೋದ ಚೂರು ಇದರದ್ದೇ ಅಂತ ಯಾರೂ ಹೇಳಬೇಕಾಗಿರಲಿಲ್ಲ. ಕ್ಯಾಲ್ಸಿಯಂ ಕುಣಿಯಲ್ಲ.

ಆ ರಾತ್ರಿಯ ಕ್ಲಿಪ್ಪನ್ನು ಆಮೇಲೆ ಫ್ರೇಮ್ ಫ್ರೇಮ್ ಆಗಿ ಓಡಿಸಿ ನೋಡಿದೆ. ಮುದ್ದೆಯ ಅಂಚಲ್ಲಿ ಏನೋ ಮಿಸುಕಿದ ಹಾಗಿದೆ. ಉತ್ತರ ಗೊತ್ತಾದ ಮೇಲೆ ಎಲ್ಲಾ ಮಿಸುಕುತ್ತೆ ಬಿಡಿ. ಆದರೆ ಬಲಗಡೆಗೆ ಕೊಟ್ಟ ಗಮನದ ಕಾಲುಭಾಗವನ್ನೂ ನಾನು ಮೈಟ್ರಲ್‌ಗೆ ಕೊಟ್ಟಿರಲಿಲ್ಲ. ಕ್ಯಾತಿಟರ್ ಬಲಗಡೆ ಇದ್ದರೂ ಡಯಾಲಿಸಿಸ್‌ನವರಲ್ಲಿ ಸೋಂಕು ಹೆಚ್ಚಾಗಿ ಕೂರೋದು ಎಡಗಡೆಯ ವಾಲ್ವಿನಲ್ಲೇ, ಅದರಲ್ಲೂ ಮೈಟ್ರಲ್‌ನಲ್ಲಿ. ಸವೆದು ಸುಣ್ಣಗಟ್ಟಿದ ವಾಲ್ವ್ ಅಂದರೆ ಸ್ಟ್ಯಾಫ್‌ಗೆ ಹಬ್ಬ. ಪಿಜಿಗಳಿಗೆ ಇದನ್ನು ಪಾಠ ಹೇಳೋನೇ ನಾನು.

ಎದೆ ಮೇಲಿಂದ ಮಾಡೋ ಎಕೋ ನೇಟಿವ್ (ಹುಟ್ಟಿನಿಂದ ಇರೋ) ವಾಲ್ವಿನಲ್ಲಿ ವೆಜಿಟೇಶನ್ ಹಿಡಿಯೋದು ಸುಮಾರು 70 ಪರ್ಸೆಂಟ್, ಕೃತಕ ವಾಲ್ವಿನಲ್ಲಿ 50. ಟಿಇಇ ಎರಡರಲ್ಲೂ 90 ದಾಟುತ್ತೆ. ಪೀಪ್ 10ರಲ್ಲಿ ಅಂಗಾತ ಮಲಗಿದವರಲ್ಲಿ ಆ 70 ಕೂಡ ಸಿಗಲ್ಲ. ಅನುಮಾನ ಹೋಗದಿದ್ದರೆ 5ರಿಂದ 7 ದಿನದೊಳಗೆ ಮತ್ತೆ ನೋಡಿ ಅಂತ ಯುರೋಪಿನ ಗೈಡ್‌ಲೈನ್ ಹೇಳುತ್ತೆ. ಈ ಸೋಂಕನ್ನು ಗುರುತಿಸೋ 2023ರ ಡ್ಯೂಕ್ ಕ್ರೈಟೀರಿಯಾದಲ್ಲಿ ಪೆಟ್ ಸಿಟಿಗೂ (ಸೋಂಕಿನ ಜಾಗ ಹೊಳೆಯುವಂತೆ ತೋರಿಸೋ ಸ್ಕ್ಯಾನ್) ಜಾಗ ಇದೆ. ನಾರ್‌ಅಡ್ ಮೇಲಿರೋರನ್ನು ಪೆಟ್‌ಗೆ ಸಾಗಿಸೋರು ಯಾರೋ!

ಸಿಟಿ ಇನ್ನೊಮ್ಮೆ ಮಾಡಿ, ಮೆದುಳಲ್ಲಿ ರಕ್ತಸ್ರಾವ ಇಲ್ಲ ಅಂತಾದ ಮೇಲೆ ಸರ್ಜನ್ ವಾಲ್ವ್ ಬದಲಿಸಿದರು. ಪೇಷಂಟ್ ಬದುಕಿದ್ದಾರೆ. ಎಡಗೈಯಲ್ಲಿ ಲೋಟ ಹಿಡೀತಾರೆ, ಅಂಗಿ ಗುಂಡಿ ಹೆಂಡತಿ ಹಾಕಬೇಕು.

ವೆಂಟಿಲೇಟರ್ ಮೇಲಿರೋ ಸ್ಟ್ಯಾಫ್ ಕೇಸಿಗೆ ಈಗ ನಾನು ಟಿಇಇ ಸ್ಲಾಟ್ ಬುಕ್ ಮಾಡಿಯೇ ಬೆಡ್‌ಸೈಡ್ ಎಕೋಗೆ ಹೋಗ್ತೀನಿ; ಬೇಡವಾದರೆ ಕ್ಯಾನ್ಸಲ್ ಮಾಡಬಹುದು. ಟೆಂಪ್ಲೇಟಿನ ಆ ಸಾಲು ತೆಗೆಸೋಕೆ ಐಟಿಗೆ ಟಿಕೆಟ್ ಹಾಕಿದ್ದೆ. ವೆಂಡರ್ ಅಪ್‌ಡೇಟ್‌ನಲ್ಲಿ ಬರುತ್ತಂತೆ. ಅಲ್ಲೀವರೆಗೆ ಕೈಯಾರೆ ಅಳಿಸಿ "ಮೈಟ್ರಲ್ ಸರಿಯಾಗಿ ಕಂಡಿಲ್ಲ, ಟಿಇಇ ಬೇಕು" ಅಂತ ಮೊದಲ ಹಾಳೆಯಲ್ಲೇ ಟೈಪ್ ಮಾಡ್ತಿದ್ದೀನಿ. ರಿಪೋರ್ಟ್ ತಡ ಆಗುತ್ತೆ ಅಂತ ಕ್ವಾಲಿಟಿ ಸೆಲ್‌ನಿಂದ ಮೇಲ್ ಕೂಡ ಬಂದಿದೆ.