ಹಳೇ ಯುದ್ಧವಿಮಾನ ಯಾಕೆ ಮತ್ತೆ ಹಾರಬೇಕು?

ಇಂಗ್ಲೆಂಡಿನ ಕೇಂಬ್ರಿಜ್ ಹತ್ತಿರ ಡಕ್ಸ್‌ಫರ್ಡ್ ಅಂತ ಒಂದು ಊರಿದೆ. ಅಲ್ಲಿನ ವಿಮಾನದ ಮೈದಾನ ಮೊದಲ ಮಹಾಯುದ್ಧದ ಕಾಲದ್ದು. ಬ್ರಿಟನ್ನಿನ ವಾಯುಪಡೆಗೆ ಸ್ಪಿಟ್‌ಫೈರ್ ಎಂಬ ಯುದ್ಧವಿಮಾನ ಮೊಟ್ಟಮೊದಲು ಬಂದದ್ದು ಅಲ್ಲಿಗೇ, 1938ರ ಆಗಸ್ಟ್‌ನಲ್ಲಿ. ಈಗ ಅದು ದೊಡ್ಡ ಮ್ಯೂಸಿಯಂ. ಆದರೆ ಬರೀ ನಿಲ್ಲಿಸಿ ತೋರಿಸುವ ಮ್ಯೂಸಿಯಂ ಅಲ್ಲ. ಎಂಬತ್ತು ವರ್ಷ ದಾಟಿದ ಯುದ್ಧವಿಮಾನಗಳನ್ನು ಅಲ್ಲಿನ ಹ್ಯಾಂಗರ್‌ಗಳಲ್ಲಿ, ಅಂದರೆ ವಿಮಾನ ನಿಲ್ಲಿಸುವ ದೊಡ್ಡ ಶೆಡ್‌ಗಳಲ್ಲಿ, ಪೂರ್ತಿ ಬಿಚ್ಚಿ, ಸರಿಮಾಡಿ, ಮತ್ತೆ ಆಕಾಶಕ್ಕೆ ಕಳಿಸುತ್ತಾರೆ. ಮಂಡ್ಯದಲ್ಲಿ ಐಟಿಐ ಮುಗಿಸಿ, ಬೆಂಗಳೂರಿನಲ್ಲಿ ಕೈ ಪಳಗಿಸಿಕೊಂಡ ನಾನು ಈಗ ಆ ಕಡೆಯೇ ಒಂದು ವರ್ಕ್‌ಶಾಪಿನಲ್ಲಿ ತಗಡಿನ ಕೆಲಸ ಮಾಡುತ್ತೇನೆ.

ರಜೆಗೆ ಮಂಡ್ಯಕ್ಕೆ ಬಂದರೆ ಎಲ್ಲರಿಗೂ ಇದೇ ಕುತೂಹಲ. ಈ ಸಲ ಸೋದರಮಾವ ನೇರವಾಗಿಯೇ ಕೇಳಿದರು. ಅವರು ಮೈಶುಗರ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ಯಂತ್ರದ ವಿಷಯದಲ್ಲಿ ಸುಮ್ನೆ ಹೇಳಿದ್ದನ್ನೆಲ್ಲ ಒಪ್ಪುವವರಲ್ಲ.

"ಅಲ್ಲ ಕಣಪ್ಪ, ಹಳೇ ವಿಮಾನಕ್ಕೆ ಅಷ್ಟೊಂದು ದುಡ್ಡು ಸುರೀತಾರಲ್ಲ, ಯಾಕೆ? ತೊಳೆದು ಬಣ್ಣ ಬಳಿದು ನಿಲ್ಸಿದ್ರೆ ಸಾಲದಾ?"

ನ್ಯಾಯವಾದ ಪ್ರಶ್ನೆಯೇ. ಅವರಿಗೆ ಕೊಟ್ಟ ಉತ್ತರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸ್ಪಿಟ್‌ಫೈರ್ ಮೊದಲು ಹಾರಿದ್ದು 1936ರ ಮಾರ್ಚ್ 5ರಂದು. ಆಮೇಲೆ ಇಪ್ಪತ್ತು ಸಾವಿರಕ್ಕೂ ಜಾಸ್ತಿ ತಯಾರಾದವು. ಇವತ್ತು ಜಗತ್ತಿನಲ್ಲಿ ಹಾರುವ ಸ್ಥಿತಿಯಲ್ಲಿರುವುದು ನೂರಕ್ಕೂ ಕಡಿಮೆ. ಕೆಲವು ಗುಜರಿಯಲ್ಲಿ ಸಿಕ್ಕವು, ಕೆಲವು ಬಿದ್ದ ಜಾಗದಲ್ಲೇ ಮಣ್ಣಿನಡಿ ಸಿಕ್ಕವು. ಅದರ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಕಬ್ಬಿಣದ ಹಾಗೆ ಕೆಂಪಗೆ ತುಕ್ಕು ಹಿಡಿಯುವುದಿಲ್ಲ. ಬಿಳಿ ಪುಡಿ ಏಳುತ್ತದೆ, ಪದರ ಪದರವಾಗಿ ಬಿಡುತ್ತದೆ. ಹೊರಗೆ ಚೆನ್ನಾಗಿ ಕಾಣುವ ತಗಡಿನ ಒಳಮೈ ತಿಂದುಹೋಗಿರುತ್ತದೆ. ಹಾಗಾಗಿ ಬಣ್ಣ ಬಳಿದು ನಿಲ್ಲಿಸಿದ ವಿಮಾನ ಒಳಗೇ ಸಾಯುತ್ತಾ ಇರಬಹುದು, ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಹಾರಬೇಕಾದ ವಿಮಾನದಲ್ಲಿ ಹಾಗೆ ಬಿಡುವಂತಿಲ್ಲ. ಒಂದೊಂದು ತುಂಡನ್ನೂ ಬಿಚ್ಚಿ ಬೆಳಕಿಗೆ ಹಿಡಿಯಲೇಬೇಕು.

ಸ್ಪಿಟ್‌ಫೈರ್ ರೆಕ್ಕೆ ನೋಡಲು ಎಷ್ಟು ಚೆಂದವೋ ಮಾಡಲು ಅಷ್ಟೇ ಕಷ್ಟ. ಅದರ ಅಂಚಿನಲ್ಲಿ ನೇರ ಗೆರೆ ಅನ್ನುವುದೇ ಇಲ್ಲ. ರೆಕ್ಕೆಯ ಬೆನ್ನೆಲುಬಿನಲ್ಲಿ ಚೌಕಾಕಾರದ ಕೊಳವೆಗಳನ್ನು ಒಂದರೊಳಗೊಂದು ತೂರಿಸಿರುತ್ತಾರೆ. ಬುಡದಲ್ಲಿ ದಪ್ಪ, ತುದಿಗೆ ಹೋದ ಹಾಗೆ ಒಂದೊಂದೇ ಕೊಳವೆ ಕಡಿಮೆ. ಭಾರ ಎಲ್ಲಿ ಜಾಸ್ತಿ ಬೀಳುತ್ತದೋ ಅಲ್ಲಿ ಮಾತ್ರ ಲೋಹ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪೆನ್ಸಿಲ್ ಹಿಡಿದು ಇದನ್ನು ಯೋಚಿಸಿದವರ ಬಗ್ಗೆ ನನಗೆ ತುಂಬ ಗೌರವ.

ಮಾವನಿಗೆ ಜಾಸ್ತಿ ಹಿಡಿಸಿದ್ದು ರಿವೆಟ್ ವಿಷಯ, ಅಂದರೆ ತಗಡುಗಳನ್ನು ಸೇರಿಸಿ ಬಡಿಯುವ ಲೋಹದ ಮೊಳೆ. ಕೆಲವು ಬಗೆಯ ರಿವೆಟ್‌ಗಳನ್ನು ಒಲೆಯಲ್ಲಿ ಕಾಯಿಸಿ, ತಟ್ಟನೆ ತಣ್ಣಗೆ ಮಾಡಿ, ಫ್ರೀಜರ್‌ನಲ್ಲಿ ಇಡುತ್ತೇವೆ. ಹೊರಗೆ ಬಿಟ್ಟರೆ ತಾವಾಗಿಯೇ ಗಟ್ಟಿಯಾಗುತ್ತಾ ಹೋಗುತ್ತವೆ. ಗಟ್ಟಿಯಾದದ್ದನ್ನು ಬಡಿದರೆ ಬಿರುಕು ಬಿಡುತ್ತದೆ. ಅದಕ್ಕೇ ಬೇಕಾದಷ್ಟು ಮಾತ್ರ ತೆಗೆದು, ಬೇಗ ಬಡಿದು ಮುಗಿಸಬೇಕು. ಹೊರಗೆ ಒಬ್ಬರು ರಿವೆಟ್ ಬಡಿಯುವ ಗನ್ ಹಿಡಿಯುತ್ತಾರೆ. ಒಳಗೆ ಇನ್ನೊಬ್ಬರು ಭಾರದ ಉಕ್ಕಿನ ತುಂಡನ್ನು ಒತ್ತಿ ಹಿಡಿಯುತ್ತಾರೆ.

"ಒಳಗಿರೋನಿಗೆ ಹೊರಗಿರೋನು ಕಾಣಲ್ವಲ್ಲ?"

ಕಾಣುವುದಿಲ್ಲ ಮಾವ, ತಗಡಿನ ಮೇಲೆ ತಟ್ಟಿ ಹೇಳುತ್ತೇವೆ, ಅಂದೆ. ಕಾರ್ಖಾನೆಯ ಹಳಬರು ದೊಡ್ಡ ದೊಡ್ಡ ತೊಟ್ಟಿಗಳಿಗೆ ರಿವೆಟ್ ಬಡಿಯುವಾಗ ಹೀಗೇ ತಟ್ಟಿ ಮಾತಾಡುತ್ತಿದ್ದರಂತೆ. ಅದನ್ನು ಹೇಳುತ್ತಾ ಅವರು ಊಟದ ತಟ್ಟೆಯ ಮೇಲೇ ತಟ್ಟಿ ತೋರಿಸಿದರು. ಅಲ್ಲಿಂದ ಮುಂದೆ ಮಾವ ದುಡ್ಡಿನ ಮಾತು ಎತ್ತಲಿಲ್ಲ. ಕೆಲಸದ ಮಾತೇ ಆಯಿತು.

ನನ್ನ ಉತ್ತರವೂ ಅದೇ. ಈ ತಟ್ಟುವ ಭಾಷೆ, ತಗಡನ್ನು ಎರಡು ಚಕ್ರಗಳ ನಡುವೆ ಹಿಂದೆ ಮುಂದೆ ಓಡಿಸಿ ಬಾಗಿಸುವ ಕೈ, ಎಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ತೊಂದರೆ ಅಂತ ಹೇಳುವ ಕಿವಿ, ಇವು ಯಾವ ನಕ್ಷೆಯಲ್ಲೂ ಇಲ್ಲ. ವಿಮಾನ ಹಾರುತ್ತಿದ್ದರೆ ಈ ಕೆಲಸ ಇರುತ್ತದೆ. ಕೆಲಸ ಇದ್ದರೆ ಹೊಸಬರು ಕಲಿಯುತ್ತಾರೆ. ಕಂಬದ ಮೇಲೆ ನಿಲ್ಲಿಸಿದ ವಿಮಾನ ಯಾರಿಗೂ ಈ ಕೆಲಸ ಕಲಿಸುವುದಿಲ್ಲ.

ಎಂಜಿನ್ ಬಗ್ಗೆ ಬರೆಯಹೊರಟರೆ ಇನ್ನೊಂದು ಲೇಖನವೇ ಬೇಕು. ರೋಲ್ಸ್ ರಾಯ್ಸ್ ಮರ್ಲಿನ್, ಹನ್ನೆರಡು ಸಿಲಿಂಡರ್, 27 ಲೀಟರ್. ಶುರುವಾಗುವಾಗ ಹೊಗೆ ಉಗುಳಿ ಒಮ್ಮೆ ಮೈ ಕೊಡವಿಕೊಳ್ಳುತ್ತದೆ. ಆ ಸದ್ದಿಗೆ ಹ್ಯಾಂಗರಿನಲ್ಲಿರುವವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಾರೆ. ಎಷ್ಟು ವರ್ಷದ ಅನುಭವ ಇದ್ದವರೂ ಅಷ್ಟೇ.

ಇನ್ನು ಅಪಾಯ. ಅತ್ತೆ ಕೇಳಿದ್ದು ಅದನ್ನೇ. ಮುಚ್ಚಿಡುವ ಮಾತಿಲ್ಲ. 2024ರ ಮೇ ತಿಂಗಳಲ್ಲಿ ಬ್ರಿಟನ್ನಿನ ವಾಯುಪಡೆಯದೇ ಒಂದು ಸ್ಪಿಟ್‌ಫೈರ್ ಬಿದ್ದು ಪೈಲಟ್ ತೀರಿಕೊಂಡರು. ಅದಾದ ಮೇಲೆ ವಾಯುಪಡೆಯ ಹಳೇ ವಿಮಾನಗಳು ಕೆಲವು ಕಾಲ ನೆಲ ಬಿಟ್ಟು ಏಳಲಿಲ್ಲ. ನಮ್ಮ ಕೆಲಸದಲ್ಲಿ ಪ್ರತಿ ಬಿಡಿಭಾಗಕ್ಕೂ ಕಾಗದ ಬೇಕು. ಯಾರು ಮಾಡಿದರು, ಯಾವ ಲೋಹ, ಯಾರು ಪರೀಕ್ಷಿಸಿ ಸಹಿ ಹಾಕಿದರು ಎಲ್ಲ ಬರೆದಿಡಬೇಕು. ಅಲ್ಲಿನ ವಿಮಾನಯಾನ ಇಲಾಖೆ ಪರವಾನಗಿ ಕೊಡದೆ ಚಕ್ರ ನೆಲ ಬಿಡುವಂತಿಲ್ಲ. ಆ ಕಾಗದದ ಕೆಲಸ ಕೆಲವರಿಗೆ ಬೇಸರ. ನನಗೆ ಅದು ಪೈಲಟ್‌ಗೆ ಕೊಡುವ ಮಾತು.

ಇಷ್ಟೆಲ್ಲ ಇಂಗ್ಲೆಂಡಿನ ಕಥೆ ಆಯಿತು, ನಮಗೇನು ಅಂತ ಅನಿಸಬಹುದು. ನಮಗೂ ಇದೆ, ಜಾಸ್ತಿಯೇ ಇದೆ.

ಹರಿಕೇನ್ ಅಂತ ಆ ಕಾಲದ ಇನ್ನೊಂದು ವಿಮಾನ. ಅದರ ಹಿಂಭಾಗದಲ್ಲಿ ಲೋಹದ ಕೊಳವೆಗಳ ಚೌಕಟ್ಟು, ಅದರ ಮೇಲೆ ಮರದ ಪಟ್ಟಿ ಮತ್ತು ಬಟ್ಟೆ. ಲಿನನ್ ಬಟ್ಟೆ ಹೊದಿಸಿ, ಹೊಲಿದು, ಮೇಲೆ ದ್ರಾವಣ ಬಳಿದರೆ ತಮಟೆಯ ಚರ್ಮದ ಹಾಗೆ ಬಿಗಿಯಾಗುತ್ತದೆ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಾಡಿದ ಆರ್ 4118 ಎಂಬ ಹರಿಕೇನ್ ಮುಂದೆ ಭಾರತಕ್ಕೆ ಬಂತು. ಕೊನೆಗೆ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಅಂಗಳದಲ್ಲಿ ಬಿದ್ದಿತ್ತು. 1982ರಲ್ಲಿ ಒಬ್ಬ ಇಂಗ್ಲಿಷ್ ಹವ್ಯಾಸಿಯ ಕಣ್ಣಿಗೆ ಬಿತ್ತು. ಅದನ್ನು ಊರಿಗೆ ಒಯ್ಯಲು ಆತನಿಗೆ 2001ರವರೆಗೆ ಹಿಡಿಯಿತು. 2004ರ ಡಿಸೆಂಬರ್‌ನಲ್ಲಿ ಅದು ಮತ್ತೆ ಹಾರಿತು.

ಇನ್ನು ನಮ್ಮ ಮೈಸೂರಿನದು. ಯುದ್ಧದ ಕಾಲದಲ್ಲಿ ಮೈಸೂರು ಸಂಸ್ಥಾನ ಕೊಟ್ಟ ಹಣದ ನೆನಪಿಗೆ ಬ್ರಿಟನ್ನಿನ ವಾಯುಪಡೆಯ 129ನೇ ಸ್ಕ್ವಾಡ್ರನ್‌ಗೆ ಮೈಸೂರು ಎಂದೇ ಹೆಸರಿಟ್ಟರು. 1941ರಲ್ಲಿ ಶುರುವಾದ ಆ ತಂಡ ಮೊದಲು ಹಾರಿಸಿದ್ದು ಸ್ಪಿಟ್‌ಫೈರ್. ತಂಡದ ಲಾಂಛನ ಗಂಡಭೇರುಂಡ. ಇದನ್ನು ಹೇಳಿದಾಗ ಮಾವ ಊಟ ನಿಲ್ಲಿಸಿದರು.

"ನಮ್ ಬಸ್ಸಿನ ಮೇಲಿರೋದೇನಪ್ಪ? ಅದೇಯಾ?"

ಅದೇ.

ಆದರೆ ದುಡ್ಡು ಕೊಟ್ಟದ್ದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಕೈಕೆಲಸ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರ ಜೊತೆ ಸೇರಿ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರುಮಾಡಿತು, ಇವತ್ತಿನ ಎಚ್‌ಎಎಲ್. ಯುದ್ಧ ಮುಗಿದ ಮೇಲೆ ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ಬಾಂಬರ್‌ಗಳನ್ನು ಯಾರಿಗೂ ಬಳಕೆಗೆ ಸಿಗಬಾರದೆಂದು ಕಾನ್ಪುರದಲ್ಲಿ ಬೇಕೆಂದೇ ಹಾಳುಮಾಡಿ ಬಿಟ್ಟುಹೋಗಿದ್ದರು. ಎಚ್‌ಎಎಲ್ ಕೆಲಸಗಾರರು ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಸರಿಮಾಡಿದರು. ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿ ಪೂರ್ತಿ ಕೆಲಸ ಆಯಿತು. ಸುಮಾರು ನಲವತ್ತು ವಿಮಾನ! 1948ರಿಂದ 1968ರವರೆಗೆ ನಮ್ಮ ವಾಯುಪಡೆ ಅವುಗಳನ್ನು ಬಳಸಿತು. ಅವುಗಳಲ್ಲಿ ಒಂದು ಇವತ್ತು ಬ್ರಿಟನ್ನಿನ ವಾಯುಪಡೆ ಮ್ಯೂಸಿಯಂನಲ್ಲಿದೆ. ಇನ್ನೊಂದು 1989ರಲ್ಲಿ ಅಮೆರಿಕದಲ್ಲಿ ಮತ್ತೆ ಹಾರಿ, ವರ್ಷಗಟ್ಟಲೆ ಅಲ್ಲಿನ ಊರೂರು ಸುತ್ತಿತು.

ಅಂದರೆ ನಾನು ಇಂಗ್ಲೆಂಡಿಗೆ ಹೋಗಿ ಕಲಿಯುತ್ತಿರುವ ಕೆಲಸವನ್ನು ನಮ್ಮವರು ಎಪ್ಪತ್ತೈದು ವರ್ಷದ ಹಿಂದೆಯೇ, ಬಿಡಿಭಾಗ ಕೊಡುವವರೂ ಇಲ್ಲದೆ, ಮಾಡಿ ಮುಗಿಸಿದ್ದರು. ನನ್ನ ಜೊತೆ ಕೆಲಸ ಮಾಡುವ ಇಂಗ್ಲಿಷರಿಗೆ ಇದನ್ನು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ: ಒಳಗೆ ಏನಾಗಿದೆ ಅಂತ ಗೊತ್ತಿಲ್ಲದ ರೆಕ್ಕೆಯನ್ನು ಹೇಗೆ ಪರೀಕ್ಷಿಸಿದರು? ಉತ್ತರ ನನ್ನ ಹತ್ತಿರ ಇರಲಿಲ್ಲ.

ಮೈಸೂರು, ಮಂಡ್ಯ ಕಡೆಯಿಂದ ಎಚ್‌ಎಎಲ್‌ಗೆ ಹೋದ ಮನೆತನಗಳು ಎಷ್ಟೋ ಇವೆ. ನಿಮ್ಮ ತಾತನೋ ದೊಡ್ಡಪ್ಪನೋ ಆ ಕಾಲದಲ್ಲಿ ಅಲ್ಲಿದ್ದರಾ? ಅವರ ನೋಟ್‌ಬುಕ್, ಹಾಜರಿ ಕಾರ್ಡ್, ಫೋಟೋ, ಟೂಲ್ ಬಾಕ್ಸ್ ಏನಾದರೂ ಅಟ್ಟದ ಮೇಲಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ. ಫೋಟೋ ತೆಗೆದು ಇಡಿ. ಅವರಿಂದ ಕೇಳಿದ ಕಥೆ ನೆನಪಿದ್ದರೆ ಬರೆದು ಕಳಿಸಿ. ರೆಕ್ಕೆ ಹೇಗೆ ಎತ್ತಿದರು, ತಗಡು ಎಲ್ಲಿಂದ ತಂದರು, ಯಾವ ಸುತ್ತಿಗೆ ಬಳಸಿದರು, ಅಷ್ಟು ಚಿಕ್ಕ ವಿಷಯವಾದರೂ ಸರಿ. ಮಾವ ಆಗಲೇ ಮೈಶುಗರ್‌ನ ಹಳೇ ಗೆಳೆಯರಿಗೆ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.